ಕೊನೆಯ ಮೋಡ

ಅಂದು ಕ್ಲೆಮ್‌ಗಿದ್ದ ಕೆಲಸ ಒಂದೇ: ಕಡ್ಡಿ ಗೀರದೆ ಇರುವುದು.

ಸ್ನೋಯಿ ಬೆಟ್ಟಗಳ ದಿಬ್ಬವೊಂದರ ಮೇಲೆ ಅವನ ಒಲೆಯಿತ್ತು. ಮೋಡ ಬಂದಾಗ ಹಚ್ಚಿದರೆ ಬೆಳ್ಳಿ ಅಯೊಡೈಡಿನ ಹೊಗೆ ಮೇಲೇರಿ, ಹನಿಗಳನ್ನು ಹೆಪ್ಪುಗಟ್ಟಿಸಿ, ಹಿಮ ಉದುರಿಸಬೇಕು. ನಿಜಕ್ಕೂ ಉದುರಿಸುತ್ತದೆಯೇ ಎಂದು ತಿಳಿಯಲು ಐದು ಚಳಿಗಾಲದಿಂದ ಪ್ರಯೋಗ ನಡೆದಿತ್ತು. ಪ್ರತಿ ಮೋಡಕ್ಕೂ ಕೂಮಾ ಪಟ್ಟಣದ ಕಚೇರಿಯಲ್ಲಿ ಮೇಲಧಿಕಾರಿ ಪ್ರಿಂಗಲ್ ಒಂದು ಪೆನ್ನಿ ನಾಣ್ಯ ಚಿಮ್ಮುತ್ತಿದ್ದ. ರಾಣಿಯ ಮುಖ ಬಿದ್ದರೆ ಒಲೆ ಹಚ್ಚಬೇಕು, ಹಿಂಬದಿಯ ಕಾಂಗರೂ ಬಿದ್ದರೆ ಬಿಡಬೇಕು. ಕೊನೆಗೆ ಎರಡು ಬಗೆಯ ಮೋಡಗಳ ಹಿಮವನ್ನೂ ಹೋಲಿಸುವುದು.

"ಕಾಂಗರೂ ಕಣಯ್ಯ," ಎಂದ ಪ್ರಿಂಗಲ್ ಫೋನಿನಲ್ಲಿ. "ಇದೇ ಪ್ರಯೋಗದ ಕೊನೇ ಮೋಡ. ಒಲೆ ಮುಟ್ಟಬೇಡ."

ಕ್ಲೆಮ್ ಇದನ್ನು ತಿಂಡಿ ತಿನ್ನುವಾಗ ಬಾಯಿಬಿಟ್ಟ. ಹೋಟೆಲಿನ ಡಲ್ಸಿ ಅವನ ಮುಂದಿನ ಮಾಂಸದ ಪೈ ತಟ್ಟೆಯನ್ನೇ ಎಳೆದುಕೊಂಡಳು.

"ನಾಳೆ ರಾಣಿ ಹುಟ್ಟುಹಬ್ಬದ ರಜೆ. ಸಿಡ್ನಿಯಿಂದ ಜನ ಬರ್ತಾರೆ. ಮೋಡ ಬಂದು ಬಾಗಿಲು ತಟ್ತಿದೆ, ಈ ಮಹಾನುಭಾವರು ಕಾಸು ಚಿಮ್ಮಿಸ್ಕೊಂಡು ಕೂತಿದಾರೆ!"

"ನಾನೇನು ಹುಲ್ಲಿನ ಮೇಲೆ ಸ್ಕೀ ಕಲಿಸ್ಲೇನೋ?" ಎಂದ ಹಂಗೇರಿಯಿಂದ ಬಂದ ಸ್ಕೀ ಮೇಷ್ಟ್ರು ಝೋಲ್ಟಾನ್. "ದನಗಳು ನಗ್ತವೆ ಕಣೋ!"

ಕ್ಲೆಮ್ ದಿಬ್ಬ ಹತ್ತಿದರೆ ಊರೇ ದಿಬ್ಬಣದಂತೆ ಹಿಂದೆ ಹೊರಟಿತು. ಅವನು ಒಲೆಯ ಮುಂದೆ ಮರಿಗಳನ್ನು ಕಾಯುವ ಕೋಳಿಯಂತೆ ಕೈ ಅಗಲಿಸಿ ನಿಂತ. "ಇದು ವಿಜ್ಞಾನ ಕಣ್ರೋ! ಮೋಸ ಮಾಡೋ ಹಾಗಿಲ್ಲ!"

ಬೈಗುಳಕ್ಕೆ ಅವನು ಜಗ್ಗಲಿಲ್ಲ. ಜಗ್ಗಿಸಿದ್ದು ಹೆಂಡತಿ ನೋರೀನ್. ಸ್ಕೀ, ಬೂಟು ಬಾಡಿಗೆಗೆ ಕೊಡುವ ಪುಟ್ಟ ಅಂಗಡಿ ಅವಳದು. ಈ ರಜೆಗೂ ಹಿಮ ಬೀಳದಿದ್ದರೆ ಮುಚ್ಚುವುದೇ ಗತಿ. ಅವಳು ಅವನ ಕೋಟಿನ ಗುಂಡಿ ಹಾಕಿ, "ಚಳಿ ಜಾಸ್ತಿಯಿದೆ, ಬೇಗ ಮನೆಗೆ ಬಾ," ಎಂದು ಇಳಿದುಹೋದಳು.

ಕ್ಲೆಮ್ ಕಡ್ಡಿ ಗೀರಿದ. ಗಾಳಿಗೆ ಮೂರು ಆರಿದವು. ನಾಲ್ಕನೆಯದಕ್ಕೆ ಒಲೆಯೂ ಹೊತ್ತಿಕೊಂಡಿತು, ಅವನ ತೋಳೂ ಹೊತ್ತಿಕೊಂಡಿತು. ಝೋಲ್ಟಾನ್ ಅವನ ಮೇಲೆ ಬಿದ್ದು ತೋಳು ಆರಿಸಿದ.

ಮಧ್ಯಾಹ್ನಕ್ಕೆ ಹಿಮ ಶುರುವಾಯಿತು. ಯಾರೋ ಆಕಾಶದ ಹಾಸಿಗೆಯನ್ನೇ ಹರಿದು ಕೊಡವಿದಂತೆ. ಸಂಜೆಗೆ ಬೇಲಿಗಳೇ ಕಾಣದಾದವು. ಡಲ್ಸಿ ಇಡೀ ಪೈ ಹೊತ್ತು ತಂದಳು. ಝೋಲ್ಟಾನ್ ಕ್ಲೆಮ್‌ನ ಎರಡೂ ಕೆನ್ನೆಗೆ ಮುತ್ತಿಟ್ಟ. ಅಂಗಡಿಯ ಮುಂದೆ ಆಗಲೇ ಸಾಲು. ನೋರೀನ್ ಸಾಲಿನ ಆಚೆಯಿಂದ ಒಮ್ಮೆ ಅವನತ್ತ ನೋಡಿದಳು. ಸುಟ್ಟ ತೋಳಿನ ಉರಿಯೂ ಅವನಿಗೆ ಹಿತವೆನಿಸಿತು.

ಅಂಗಡಿಯೊಳಗಿನ ಫೋನು ಹೊಡೆದುಕೊಂಡಿತು.

"ಕ್ಲೆಮ್, ನಿನಗೆ ಎಷ್ಟು ಧನ್ಯವಾದ ಹೇಳಿದ್ರೂ ಕಮ್ಮಿ!" ಎಂದ ಪ್ರಿಂಗಲ್. "ಇಲ್ಲೀವರೆಗೆ ಒಲೆ ಹಚ್ಚಿದ ಮೋಡಗಳದ್ದೇ ಒಂಚೂರು ಮೇಲಾಗಿತ್ತು. ಇವತ್ತಿನ ಹಿಮಾನ ಹಚ್ಚದ ಮೋಡಗಳಿಗೆ ಸೇರಿಸಿದೆ ನೋಡು, ಎಲ್ಲಾ ತಲೆಕೆಳಗು! ಒಲೆಯಿಂದ ಏನೂ ಉಪಯೋಗ ಇಲ್ಲ ಅಂತ ಸಾಬೀತಾಯ್ತು. ರಜೆ ಮುಗಿದ ಮೇಲೆ ಬಿಚ್ಚಿ ತಂದುಬಿಡು. ನಿನ್ನ ಕೆಲಸಾನೂ ಮುಗೀತು, ಪಾಪ. ಊರವರು ಎಷ್ಟು ಕಾಡಿದ್ರೋ, ನೀನು ಬಗ್ಗಲಿಲ್ಲ. ಅಂಥ ಪ್ರಾಮಾಣಿಕ ಅಂತ ಎಲ್ಲಿ ಬೇಕಾದ್ರೂ ಹೇಳ್ತೀನಿ."

ನಿಜ ಹೇಳಲು ಕ್ಲೆಮ್ ಬಾಯಿ ತೆರೆದ. ಹೊರಗೆ ಊರು ಅವನ ಹೆಸರು ಹಿಡಿದು ಜೈಕಾರ ಹಾಕುತ್ತಿತ್ತು.

"ನಿಮ್ಮ ಉಪಕಾರ ಮರೆಯಲ್ಲ, ಸಾರ್," ಎಂದು ಫೋನಿಟ್ಟ.