ಕಾರ್ಡಿನಲ್ಲಿ ಹೆಂಡತಿಯ ಹೆಸರು

ದೊಡ್ಡ ತಪ್ಪು ಮಾಡಲು ಧೈರ್ಯ ಬೇಕು. ಅದು ನನ್ನಲ್ಲಿಲ್ಲ, ಹಾಗಾಗಿ ನನ್ನ ತಪ್ಪುಗಳೆಲ್ಲ ಸಣ್ಣವು, ಹೇಳಿಕೊಳ್ಳಲೂ ನಾಚಿಕೆಯಾಗುವಂಥವು. ನಾನು ಹೆಂಡತಿಯ ಹೆಸರನ್ನು ಮುಚ್ಚಿಟ್ಟವನು. ಅವಳು ಶಿರೀನಮ್ಮ, ಸಂತೆಕಲ್ಲೂರಿನ ಕುರಿಗಾರರ ಮಗಳು. ನಮ್ಮ ಸೀಮೆಯಲ್ಲಿ ಹುಸೇನಪ್ಪ, ಫಕೀರಪ್ಪ ಎಂಬ ಹಿಂದೂಗಳು ಓಣಿಗೆ ಇಬ್ಬರಾದರೂ ಸಿಗುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ನಾನು ಸಿಂಧನೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ತಲೆಯ ಮೇಲೊಂದು ಫ್ಯಾನು ತಿರುಗತೊಡಗಿದರೆ ಮನುಷ್ಯನಿಗೆ ಇಲ್ಲದ ಮರ್ಯಾದೆಗಳೆಲ್ಲ ಹುಟ್ಟಿಕೊಳ್ಳುತ್ತವೆ. ಗೃಹಪ್ರವೇಶದ ಕಾರ್ಡಿನಲ್ಲಿ, ಕಚೇರಿಯ ಸಾಹೇಬರು ಏನೆಂದುಕೊಳ್ಳುತ್ತಾರೋ ಎಂದು, 'ಶ್ರೀಮತಿ ಸರೋಜಾ' ಎಂದು ಹಾಕಿಸಿಬಿಟ್ಟೆ. ಇಲ್ಲಿಯ ಪ್ರೆಸ್ಸಿನವನಿಗೆ ಅವಳ ಹೆಸರು ಗೊತ್ತಿದ್ದುದರಿಂದ ಲಿಂಗಸುಗೂರಿಗೆ ಹೋಗಿ ಅಚ್ಚು ಮಾಡಿಸಿದೆ. ಅವಳು ಒಂದು ಕಾರ್ಡು ಕೇಳಿದಾಗ ಎಲ್ಲ ಹಂಚಿ ಮುಗಿಯಿತು ಎಂದೆ. ಮಾವನಿಗೂ ಒಂದು ಕಳಿಸಿದ್ದೆ; ಮುದುಕರು ಅದನ್ನು ಓದುತ್ತಾರೆಂದು ಯಾರಿಗೆ ಗೊತ್ತು?

ಪೂಜೆಯ ದಿನ ಬೆಳಿಗ್ಗೆ ಮಾವ ಮಸ್ಕಿಯಲ್ಲಿ ಬಸ್ಸು ಬದಲಿಸಿಕೊಂಡು ಬಂದರು. ಕೊಟ್ಟ ನೀರು ಮುಟ್ಟಲಿಲ್ಲ. ಕಾರ್ಡು ತೆಗೆದು, "ಅಳಿಯಂದ್ರ, ಈ ಸರೋಜಾ ಅನ್ನಾಕಿನ್ನ ಯಾವಾಗ ಕಟ್ಟಿಕೊಂಡ್ರಿ? ನನ್ನ ಮಗಳನ್ನ ಕರಕೊಂಡು ಹೋಗಾಕ ಬಂದೀನಿ" ಎಂದರು.

"ಹಂಗಲ್ರೀ ಮಾವಾರ, ಸರೋಜಾ ಅಂದ್ರ ಶಿರೀನಮ್ಮನೇ. ಹೆಸರು ಸ್ವಲ್ಪ ಸುಧಾರಿಸೀನಿ."

ಮುದುಕರು ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು: "ಹೊಟ್ಟ್ಯಾಗ ಅಡ್ಡ ತಿರುಗಿದ ಕೂಸು. ಸೂಲಗಿತ್ತಿ ಶಿರೀನ್‌ಬಿ ಬರದಿದ್ರ ತಾಯಿ ಮಗಳು ಇಬ್ಬರೂ ಉಳೀತಿದ್ದಿಲ್ಲ. ಅದಕ್ಕ ಆಕಿ ಹೆಸರೇ ಇಟ್ಟೀವಿ. ಫಾರ್ಸಿ ಮಾತಂತ, ಸಿಹಿ ಅಂತ ಅರ್ಥ. ಶೀರ್ ಅಂದ್ರ ಹಾಲು, ಅದರಿಂದ ಬಂದೈತಿ ಅಂತ ಆಕೀನೇ ಹೇಳಿದ್ಲು."

ಪ್ರತಿ ರಂಜಾನಿಗೆ ಎರಡು ಬಟ್ಟಲು ಶೀರ್‌ಖುರ್ಮಾ ಹೊಡೆಯುವ ನನಗೆ, ಆ ಶೀರ್ ನಮ್ಮ ಕ್ಷೀರದ ಖಾಸಾ ಬಳಗ ಎಂಬುದು ಆವರೆಗೆ ಹೊಳೆದಿರಲೇ ಇಲ್ಲ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಹೆಂಡತಿ, "ನನ್ನ ಹೆಸರು ಹೇಳಾಕ ನಿಮಗ ಇಷ್ಟು ನಾಚಿಕಿ ಇತ್ತೇನ್ರಿ?" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆದರೂ ಪೂಜೆಗೆ ಬಂದು ಕೂತಳು. ಸಂಕಲ್ಪದಲ್ಲಿ ಐನೋರು ಯಜಮಾನಿಯ ಹೆಸರು ಕೇಳಿದಾಗ, ನನ್ನ ಕಡೆ ನೋಡದೆ, ಪಡಸಾಲೆಯ ತುದಿಗೂ ಕೇಳುವಂತೆ "ಶಿರೀನಮ್ಮ" ಎಂದಳು. ಐನೋರು ತಡವರಿಸದೆ ಅದನ್ನೇ ಮಂತ್ರದೊಳಗೆ ಸೇರಿಸಿದರು. ಸಾಹೇಬರು ಉಪ್ಪಿಟ್ಟು ತಿನ್ನುತ್ತಲೇ ಇದ್ದರು. ಯಾರಿಗೆಲ್ಲ ಕೇಳಿಸಿತೋ ಎಂದು ಕುತ್ತಿಗೆ ತಿರುಗಿಸಿ ನೋಡಿದವನು ಇಡೀ ಮನೆಯಲ್ಲಿ ನಾನೊಬ್ಬನೇ. ಮಾವ ಅದನ್ನೂ ನೋಡಿದರು.