ಸಾಹೇಬನಿಗೊಬ್ಬ ಗುರು

ಭಾನುವಾರ ಬೆಳಿಗ್ಗೆ ಕಟ್ಟಡದ ಸಂಘದ ಕಾರ್ಯದರ್ಶಿಗಳು ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬಚ್ಚಲಿನ ಚಪ್ಪಲಿ ಹಾಕಿಕೊಂಡು ವಾಚ್ ರಿಪೇರಿಯವರ ಬಾಗಿಲಿಗೆ ಬಂದು ನಿಂತರು. ಇನ್ನೊಂದು ಬೂಟು ಒಳಗೆ ಸಾಹೇಬನ ಮುಂದೆ ಬಿದ್ದಿತ್ತು. ಸಾಹೇಬ ಅಂದರೆ ವಾಚ್ ರಿಪೇರಿಯವರ ಕಂದುಬಣ್ಣದ ನಾಯಿ.

"ಈ ತಿಂಗಳಲ್ಲಿ ಇದು ಹನ್ನೊಂದನೇ ಜೋಡಿ," ಎಂದರು ಕಾರ್ಯದರ್ಶಿಗಳು.

"ಜೋಡಿ ಅಲ್ಲ ಸಾರ್. ಅವನು ಒಂದೊಂದೇ ತರೋದು."

ಈ ಮಾತು ಆಡಬಾರದಿತ್ತು. ಸಾಯಂಕಾಲದೊಳಗೆ ನಾಯಿಗೆ ಒಬ್ಬ ತರಬೇತುದಾರರನ್ನು ಗೊತ್ತು ಮಾಡಬೇಕು, ಇಲ್ಲವಾದರೆ ನಾಯಿ ಕಟ್ಟಡ ಬಿಡಬೇಕು ಎಂದು ಹೇಳಿ ಅವರು ಟಪ್, ಚಟಪಟ, ಟಪ್, ಚಟಪಟ ಎಂದು ಮೆಟ್ಟಿಲಿಳಿದರು.

ವಾಚ್ ರಿಪೇರಿಯವರು ಸೊಳ್ಳೆಯನ್ನೂ ಕಿಟಕಿ ತೆಗೆದು ಬೀಳ್ಕೊಡುವ ಜಾತಿ. "ಹೊಡೆಯೋರು ಬೇಡ ಕಣೇ. ಕಲಿತು ಬಂದೋರು ಬೇಕು, ಮೃದುವಾಗಿರೋರು ಬೇಕು," ಎಂದರು ಹೆಂಡತಿಗೆ.

"ಅಂಥೋರು ಸಿಕ್ಕಿದ್ರೆ ನಿಮ್ಮನ್ನೂ ಸೇರಿಸ್ತೀನಿ," ಎಂದಳು ಆಕೆ.

ಸುದ್ದಿ ತಿಳಿದು ಮೇಲಿನ ಮನೆಯ ನಿವೃತ್ತ ಕಂಡಕ್ಟರು ಗಂಟೆಯೊಳಗೆ ಒಬ್ಬ ಮೀಸೆಯವನನ್ನು ಕರೆತಂದರು. ಮೀಸೆಯವನು ಚೀಲದಿಂದ ಕಬ್ಬಿಣದ ಮುಳ್ಳಿನ ಪಟ್ಟಿಯೊಂದನ್ನು ತೆಗೆದ. ಸಾಹೇಬ ಮಂಚದಡಿ ಸೇರಿದ.

"ಮೂರು ದಿನ ಊಟ ಬೇಡ, ಕುತ್ತಿಗೆಗೆ ಇದು. ನಾಲ್ಕನೇ ದಿನ ನಾನು ಹೇಳಿದ ಹಾಗೆ ಕೇಳುತ್ತೆ."

"ನೋವಾಗಲ್ವಾ?"

"ಸ್ವಲ್ಪಾನೂ ಇಲ್ಲ."

ಎದುರು ವಾದಿಸಲು ದಾಕ್ಷಿಣ್ಯವಾಗಿ, ಹಾಗಾದರೆ ನೋಡೇಬಿಡೋಣ ಎಂದು ವಾಚ್ ರಿಪೇರಿಯವರು ಪಟ್ಟಿಯನ್ನು ತಮ್ಮ ಕುತ್ತಿಗೆಗೇ ಹಾಕಿಕೊಂಡರು. ಕೊಂಡಿ ಟಕ್ ಎಂದು ಬಿತ್ತು. ಆಮೇಲೆ ಬಿಚ್ಚಲು ಬರಲಿಲ್ಲ. ಮೀಸೆಯವನು ಎಳೆದ, ಕಂಡಕ್ಟರು ಹಿಡಿದು ಜಗ್ಗಿದರು, ವಾಚ್ ರಿಪೇರಿಯವರ ಕಣ್ಣು ಗೋಡೆ ಗಡಿಯಾರದಷ್ಟು ಅಗಲವಾಯಿತು. ಹೆಂಡತಿ ಇಬ್ಬರನ್ನೂ ಬಾಗಿಲಾಚೆ ಕಳಿಸಿ, ಗಂಡನ ಕುತ್ತಿಗೆಗೆ ಟವೆಲ್ ಸುತ್ತಿದಳು. ಸಾವಿರ ಕೈಗಡಿಯಾರ ಬಿಚ್ಚಿದ ಮನುಷ್ಯನಿಗೆ ತನ್ನ ಕುತ್ತಿಗೆಯ ಹಿಂದಿನ ಕೊಂಡಿ ಎಟುಕಲಿಲ್ಲ.

ಎರಡನೆಯವನನ್ನು ಕಳಿಸಿದ್ದು ಪಕ್ಕದ ಮನೆಯ ಅತ್ತೆ. ಅವರು ಯಾರಿಗೂ ಅತ್ತೆಯಲ್ಲ, ಆದರೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಆತ ಕಟ್ಟು ಹಾಕಿಸಿದ ಪ್ರಮಾಣಪತ್ರ ಹಿಡಿದು ಬಂದ. ಸುತ್ತ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಕೆಂಪು ಮೊಹರು. ವಾಚ್ ರಿಪೇರಿಯವರಿಗೆ ತಲೆ ಬಗ್ಗಿಸಲು ಆಗದ್ದರಿಂದ ಹೆಂಡತಿಯೇ ಕನ್ನಡಕ ಹಾಕಿಕೊಂಡು ಓದಿದಳು.

"ರೀ, ಇದು ಈಜು ಸ್ಪರ್ಧೆದು."

"ಎರಡನೇ ಬಹುಮಾನ ಬಂದಿತ್ತು ಅಮ್ಮಾ," ಎಂದ ಆತ, ಬಹಳ ವಿನಯದಿಂದ.

ಅಷ್ಟರಲ್ಲಿ ಸಾಹೇಬ ಆತನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಒಳಗೆ ಹೋಗಿದ್ದ.

ನಾಲ್ಕು ಗಂಟೆಗೆ ಬಂದ ಮೂರನೆಯವರು ಒಬ್ಬ ಹೆಂಗಸು. ನಾಯಿಗಳ ಡಾಕ್ಟರು ಹೇಳಿ ಕಳಿಸಿದ್ದು. ಕೈಯಲ್ಲಿ ಕೋಲಿಲ್ಲ, ಸರಪಳಿಯಿಲ್ಲ. ಎರಡು ವರ್ಷ ಕಲಿತ ಕಾಗದ ತೋರಿಸಿದರು, ಮುಂಚೆ ಕಲಿಸಿದ ಮೂರು ಮನೆಗಳ ಫೋನ್ ನಂಬರು ಕೊಟ್ಟು, "ನನ್ನನ್ನ ನಂಬಬೇಡಿ, ಅವರನ್ನ ಕೇಳಿ. ಪಾಠ ನಡೆಯೋವಾಗ ನೀವೂ ಜೊತೆಗಿರಬೇಕು," ಎಂದರು. ಆಮೇಲೆ ಟವೆಲ್ಲಿನ ಕಡೆ ನೋಡಿದರು.

"ಗಂಟಲು ನೋವಾ ಸಾರ್?"

ವಾಚ್ ರಿಪೇರಿಯವರು ನಾಚುತ್ತ ಟವೆಲ್ ತೆಗೆದರು. "ನಾಯಿಗೆ ಹಾಕೋಕೆ ಮುಂಚೆ ಹೆಂಗಿರುತ್ತೆ ಅಂತ ನೋಡಿದೆ."

ಆಕೆ ನಗಲಿಲ್ಲ. ಒಂದು ಹೇರ್‌ಪಿನ್ ತೆಗೆದು ಕೊಂಡಿಯೊಳಗೆ ಹಾಕಿ ತಿರುಗಿಸಿದರು, ಪಟ್ಟಿ ಬಿಚ್ಚಿಕೊಂಡಿತು. ಬೆಳಿಗ್ಗೆಯಿಂದ ಸಿಕ್ಕಿಬಿದ್ದಿದ್ದ ಉಸಿರು ಒಟ್ಟಿಗೇ ಹೊರಬಂತು. ಸಿಕ್ಕರಪ್ಪಾ, ಇವರೇ ಸರಿ ಎಂದುಕೊಂಡರು ವಾಚ್ ರಿಪೇರಿಯವರು.

ಆ ಹೊತ್ತಿಗೆ ಕಾರ್ಯದರ್ಶಿಗಳು, ಕಂಡಕ್ಟರು, ಅತ್ತೆ ಮೂವರೂ ತೀರ್ಪು ಕೇಳಲು ಬಾಗಿಲಲ್ಲಿ ಜಮಾಯಿಸಿದ್ದರು. ತರಬೇತಿಯಾಕೆ ನೆಲದ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದರು. ಸಾಹೇಬ ಹೊರಗೆ ಹೋಗಿ ಅತ್ತೆಯ ಚಪ್ಪಲಿ ತಂದು ವಾಚ್ ರಿಪೇರಿಯವರ ಕಾಲ ಬಳಿ ಇಟ್ಟ, ಹಿಂದೆ ಸರಿದು ನೆಟ್ಟಗೆ ಕೂತ, ಮುಂದಿನ ಬಲಗಾಲು ಎತ್ತಿದ.

"ಒಂದು ಹಲ್ಲಿನ ಗುರುತೂ ಬಿದ್ದಿಲ್ಲ," ಎಂದರು ಆಕೆ ಚಪ್ಪಲಿ ತಿರುಗಿಸಿ ನೋಡುತ್ತ. "ಚಪ್ಪಲಿ ವಾಪಸ್ ತಗೊಳ್ಳೋಕೆ ಏನು ಮಾಡ್ತೀರಿ ಸಾರ್?"

"ಗದರಿಸೋಕೆ ಮನಸ್ಸು ಬರಲ್ಲಮ್ಮ. ಒಂದು ಬಿಸ್ಕತ್ತು ಕೊಡ್ತೀನಿ. ಪಾಪ, ತಕ್ಷಣ ಬಿಟ್ಟುಬಿಡ್ತಾನೆ."

"ಪ್ರತಿ ಸಲಾನೂ?"

"ಒಂದು ಸಲಾನೂ ತಪ್ಪಿಸಿಲ್ಲ."

ಆಕೆ ಎದ್ದು ಕೈಮುಗಿದರು. "ಹನ್ನೆರಡು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಒಂದೇಟು ಹಾಕದೆ, ಒಂದು ದಿನ ತಪ್ಪದೆ, ಇಷ್ಟು ಶಿಸ್ತಾಗಿ ಕಲಿಸಿರೋ ಗುರುಗಳನ್ನ ನಾನು ಕಂಡಿಲ್ಲ. ಕಳ್ಳತನ ಕಲಿಸಿದೀರಿ, ಅದೊಂದೇ ತಪ್ಪು."

ಬಾಗಿಲಲ್ಲಿ ಕಂಡಕ್ಟರು ಕಿಸಕ್ಕೆಂದರು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ತಪ್ಪು ಯಾರದೆಂದು ಸಿಕ್ಕಿದ್ದಕ್ಕೆ ಕಾರ್ಯದರ್ಶಿಗಳ ಮುಖ ಅರಳಿತು.

"ಅಂದ್ರೆ ನಾಯಿದು ತಪ್ಪಿಲ್ಲ," ಎಂದರು ಅವರು.

"ಇಲ್ಲ ಸಾರ್. ಮೂರು ವಾರ ಅದಕ್ಕೆ ಹೊರಗಿನ ಚಪ್ಪಲಿ ಸಿಗಬಾರದು. ಮನೇಲಿ ಚಾಪೆ ಮೇಲೆ ತೆಪ್ಪಗೆ ಮಲಗಿದ್ರೆ ಮಾತ್ರ ಬಿಸ್ಕತ್ತು. ಅದನ್ನ ಅಮ್ಮನೋರು ಕೊಡಲಿ. ಸಾರ್ ಕೊಡೋದು ಬೇಡ."

"ಹಾಗಾದ್ರೆ ನಾಯಿ ಇರಲಿ," ಎಂದು ಕಾರ್ಯದರ್ಶಿಗಳು ವಾಚ್ ರಿಪೇರಿಯವರ ಹೆಗಲ ಮೇಲೆ ಕೈಯಿಟ್ಟರು. "ಚಪ್ಪಲಿ ಸಿಗದ ಹಾಗೆ ನೋಡ್ಕೊಳ್ಳೋದು ಗುರುಗಳ ಜವಾಬ್ದಾರಿ."

ಮರುದಿನದಿಂದ ವಾಚ್ ರಿಪೇರಿಯವರು ಬೆಳಿಗ್ಗೆ ಒಂದು ತಾಸು, ಸಂಜೆ ಎರಡು ತಾಸು ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿಕೊಂಡು, ಅಲ್ಲಿ ತಂದಿರಿಸಿದ ಇಡೀ ಕಟ್ಟಡದ ಚಪ್ಪಲಿ ಕಾದರು. ಮೇಲೆ ಮನೆಯಲ್ಲಿ ಸಾಹೇಬ ಚಾಪೆಯ ಮೇಲೆ ಅಂಗಾತ ಬಿದ್ದುಕೊಂಡು, ಏನೂ ಮಾಡದೆ ಇದ್ದುದಕ್ಕೆ ಬಿಸ್ಕತ್ತಿನ ಮೇಲೆ ಬಿಸ್ಕತ್ತು ತಿನ್ನುತ್ತಿದ್ದ.