ಸೊಸೆಯ ಸ್ಟುಡಿಯೊ, ಕಾಣದ ಡ್ರಮ್ಮಿನವರು

ಒಪ್ಪಂದ ತೊಂಬತ್ತಾರು ಸಾವಿರ ರೂಪಾಯಿಯದು.

ಚಿತ್ರದುರ್ಗದಲ್ಲಿ ನಮ್ಮದು ಸ್ಟೀಲ್ ಪಾತ್ರೆ ಅಂಗಡಿ. ಅಂಗಡಿ ಮೇಲಿನ ರೂಮನ್ನು ಗೋಡೌನಿಗೆ ಕೊಟ್ಟಿದ್ದೆ, ತಿಂಗಳಿಗೆ ಎಂಟು ಸಾವಿರ. ಬಾಡಿಗೆಯವರು ಖಾಲಿ ಮಾಡಿದ ಮಾರನೇ ದಿನವೇ ಸೊಸೆ ಬಂದು ನಿಂತಳು. ಆಕೆ ಸೌಂಡ್ ಎಂಜಿನಿಯರಿಂಗ್ ಓದಿದವಳು. ಆ ರೂಮಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೊ ಹಾಕಬೇಕಂತೆ. ನಾನು ನನ್ನ ಲೆಕ್ಕ ಹೇಳಿದೆ: "ದೀಪಾವಳಿಯಿಂದ ದೀಪಾವಳಿಗೆ ಒಂದು ವರ್ಷ ಕೊಡ್ತೀನಮ್ಮ. ಖರ್ಚೆಲ್ಲ ಕಳೆದು ಗೋಡೌನ್ ಬಾಡಿಗೆಗಿಂತ ಒಂದು ರೂಪಾಯಿನಾದ್ರೂ ಜಾಸ್ತಿ ಉಳೀಬೇಕು. ಉಳೀದಿದ್ರೆ ನೀನು ಮೈಕ್ ಇಳಿಸು, ನಾನು ಮೂಟೆ ಏರಿಸ್ತೀನಿ."

"ಆಗ್ಲಿ ಮಾವ" ಅಂದಳು. ಚೌಕಾಸಿ ಮಾಡಲಿಲ್ಲ. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಮೊದಲಿಂದಲೂ ಭಯ.

ಪಾತ್ರೆ ಅಂಗಡಿಯಲ್ಲಿ ಒಬ್ಬರು ನಗುವಂಥದ್ದು ನಡೆಯಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಸದ್ದು ಮಾರುವ ಅಂಗಡಿಯಲ್ಲಿ ಹಾಗಲ್ಲ, ಮೆಟ್ಟಿಲು ಹತ್ತಿ ಬಂದವರೆಲ್ಲ ಏನಾದರೊಂದು ಮಾಡಿಯೇ ಇಳಿಯುತ್ತಾರೆ.

ಡಬ್ಬ ಇಲ್ಲದ ಮಾಲು

ಮೊದಲ ವಾರವೇ ಸೊಸೆ ಡ್ರಮ್ ಬೇಕು ಅಂದಳು. ಬೆಲೆ ಹದಿನೆಂಟು ಸಾವಿರ. ಆದರೆ ತಕ್ಷಣ ಕೊಳ್ಳಲಿಲ್ಲ. "ನವೆಂಬರ್ ಕೊನೆಗೆ ಸೇಲ್ ಹಾಕ್ತಾರೆ ಮಾವ, ಕಾಯಾಣ" ಅಂದಳು. ಕಾದಳು. ಒಂಬತ್ತು ಸಾವಿರಕ್ಕೆ ಇಳಿಯಿತು. ನಮ್ಮ ಆಷಾಢದ ಸೇಲಿಗೆ ಕಾದು ಕೂರುವ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಮನೆಯಲ್ಲೇ ಒಬ್ಬಳು ಇದ್ದದ್ದು ಅವತ್ತು ಗೊತ್ತಾಯಿತು.

"ಇವತ್ತು ಡ್ರಮ್ ಬರುತ್ತೆ" ಅಂದ ದಿನ ನಾನು ರೂಮಿನ ಒಂದು ಮೂಲೆ ಖಾಲಿ ಮಾಡಿಸಿ, ಹಮಾಲಿಗೆ ಹೇಳಿಕಳಿಸಿ ಮೇಲೆ ಹೋದೆ. ಸೊಸೆ ಕಂಪ್ಯೂಟರ್ ಮುಂದೆ ಕೂತಿದ್ದಳು.

"ಬಂತು ಮಾವ."

"ಎಲ್ಲಿ?"

"ಇದರೊಳಗೆ. ಇದು ಸಾಫ್ಟ್‌ವೇರು. ದೊಡ್ಡ ದೊಡ್ಡ ಡ್ರಮ್ಮರ್‌ಗಳು ಹೊಡೆದ ಒಂದೊಂದು ಏಟನ್ನೂ ರೆಕಾರ್ಡ್ ಮಾಡಿ ಇಟ್ಟವ್ರೆ. ಎಲ್ಲಿ ಯಾವ ಏಟು ಬೀಳಬೇಕು ಅಂತ ನಾವು ಜೋಡಿಸಿದ್ರಾಯ್ತು."

"ತೂಕ?"

"ತೂಕ ಇಲ್ಲ."

"ಡಬ್ಬ?"

"ಅದೂ ಇಲ್ಲ."

"ಜಿಎಸ್‌ಟಿ?"

"ಅದು ಐತೆ."

ಮಾಲು ಕಣ್ಣಿಗೆ ಕಾಣದಿದ್ದರೂ ತೆರಿಗೆ ಇದೆ ಅಂದಮೇಲೆ ಅಸಲಿ ವ್ಯಾಪಾರವೇ ಇರಬೇಕು ಎಂದು ಸಮಾಧಾನವಾಯಿತು. ಅಷ್ಟರಲ್ಲಿ ಹಮಾಲಿ ಹೆಗಲ ಮೇಲೆ ಹಗ್ಗ ಹಾಕಿಕೊಂಡು ಬಂದ. "ಎಲ್ಲೈತೆ ಸಾವ್ಕಾರ್ರೆ ಮಾಲು?"

"ಆಗಲೇ ಇಳೀತಪ್ಪ."

ಅವನು ರೂಮು ನೋಡಿದ, ಮೆಟ್ಟಿಲು ನೋಡಿದ, ಕೊನೆಗೆ ನನ್ನನ್ನು ನೋಡಿದ. "ಬೇರೆ ಹಮಾಲಿ ಕರೆಸಿದ್ರೇನು?" ಅಂದವನು ಒಂದು ತಿಂಗಳು ನಮ್ಮ ಅಂಗಡಿ ಮೂಟೆ ಮುಟ್ಟಲಿಲ್ಲ.

ಡ್ರಮ್ಮಿನವರ ಎಲೆ

ರಾಮಗಿರಿ ಕಡೆಯಿಂದ ಹೆಂಗಸರ ಭಜನೆ ತಂಡ ಬಂತು. ಎಲ್ಲರೂ ಅರವತ್ತರ ಆಸುಪಾಸಿನವರು. ಒಂದು ಹಾಡು ರೆಕಾರ್ಡ್ ಮಾಡಿಸುವುದು, ಅದಕ್ಕೆ ತಾಳದ ಜತೆ ಡ್ರಮ್ಮೂ ಸೇರಿಸುವುದು, ಒಟ್ಟು ಐದು ಸಾವಿರಕ್ಕೆ ಮಾತಾಗಿತ್ತು. ಊಟ ಹೊರಗೆ ಮಾಡುವುದಿಲ್ಲ ಎಂದು ಕ್ಯಾರಿಯರ್ ತುಂಬ ಹೋಳಿಗೆ ತಂದಿದ್ದರು.

ಹಾಡಿದ್ದಾಯಿತು. ಸೊಸೆ ಡ್ರಮ್ ಕೂಡಿಸಿ ಕೇಳಿಸಿದಳು. ತಂಡದ ಮುಂದಾಳು ಅಜ್ಜಿ ತಲೆದೂಗಿ, ದುಡ್ಡಿನ ಚೀಲ ಬಿಚ್ಚುವಾಗ ಸುತ್ತ ನೋಡಿತು.

"ಡ್ರಮ್ಮಿನೋರು ಎಲ್ಲಮ್ಮ?"

"ಕಂಪ್ಯೂಟರಲ್ಲೇ ಅವ್ರೆ ಅಜ್ಜಿ."

"ಅಂದ್ರೆ ಬಂದಿಲ್ಲ. ಬರದೇ ಇದ್ದೋರ ಕೂಲಿ ನಾವ್ಯಾಕೆ ಕೊಡಾಣ? ಅದನ್ನ ಮುರ್ಕಳ್ರಿ."

ನಾನಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದೆ. ಸೊಸೆ ಡ್ರಮ್ ಬಂದ್ ಮಾಡಿ ಹಾಡನ್ನು ಮತ್ತೆ ಹಾಕಿದಳು. ತಾಳಕ್ಕಿಂತ ಒಬ್ಬರು ಮುಂದೆ, ಇಬ್ಬರು ಹಿಂದೆ, ಉಳಿದವರು ದಾರಿಯಲ್ಲಿ. ಅಜ್ಜಿ ಸ್ವಲ್ಪ ಹೊತ್ತು ಕೇಳಿಸಿಕೊಂಡಿತು.

"ಇದು ನಾವೇನಾ?"

"ಹೂಂ ಅಜ್ಜಿ."

"ಅವರನ್ನ ವಾಪಸ್ ಕರ್ಕಳಮ್ಮ" ಅಂದು ಐದು ಸಾವಿರ ಎಣಿಸಿತು.

ಅಲ್ಲಿಗೆ ಮುಗಿಯಲಿಲ್ಲ. ಊಟಕ್ಕೆ ಕೂತಾಗ ಕಂಪ್ಯೂಟರ್ ಮುಂದೆಯೂ ಒಂದು ಎಲೆ ಬಿತ್ತು. ದುಡಿದವರು ಹಸಿದುಕೊಂಡು ಇರಬಾರದಂತೆ. ಎರಡು ಹೋಳಿಗೆ, ಮೇಲೆ ತುಪ್ಪ. ನನಗೆ ಶುಗರು, ಮನೆಯಲ್ಲಿ ಹೋಳಿಗೆಯ ವಾಸನೆಯನ್ನೂ ತೋರಿಸುವುದಿಲ್ಲ. ಅವರು ಬಸ್ಸಿಗೆ ಹೋದಮೇಲೆ ಆ ಎಲೆಯ ಜವಾಬ್ದಾರಿ ನಾನು ತೆಗೆದುಕೊಂಡೆ. ಆ ತಂಡ ಈಗ ಪ್ರತಿ ಸಲ "ಇದು ಡ್ರಮ್ಮಿನೋರಿಗೆ" ಎಂದು ಬೇರೆ ಡಬ್ಬವನ್ನೇ ತರುತ್ತದೆ. ಡ್ರಮ್ಮಿನವರು ಎರಡು ಕೆಜಿ ಹೆಚ್ಚಾಗಿದ್ದಾರೆ ಎಂದು ಮೊನ್ನೆ ಡಾಕ್ಟರು ಹೇಳಿದರು.

ತಮಟೆಯವರ ಬಾಡಿಗೆ

ಹಿರಿಯೂರಿನಿಂದ ವಾದ್ಯದ ಮೇಳದ ಯಜಮಾನರು ಬಂದರು. ಜಗಳಕ್ಕೇ ಬಂದದ್ದು. "ನಿಮ್ಮ ಪೆಟ್ಟಿಗೆಯಿಂದ ನಮ್ಮ ಹುಡುಗರಿಗೆ ರೆಕಾರ್ಡಿಂಗ್ ಕೆಲಸ ತಪ್ಪೋಯ್ತು" ಅಂದರು.

"ಬರ್ರಿ, ಕುಂತ್ಕಳ್ರಿ, ಮೊದ್ಲು ಕೇಳ್ರಿ" ಎಂದು ಸೊಸೆ ಹೆಡ್‌ಫೋನ್ ಕೊಟ್ಟಳು. ಅವರು ಕಣ್ಣು ಮುಚ್ಚಿ ಕೇಳಿದರು. "ಚೆನ್ನಾಗಿ ಹೊಡಿತಾನೆ. ಆದ್ರೆ ತಮಟೆ ಮುಟ್ಟಿದೋನಲ್ಲ."

"ಅದಕ್ಕೇ ನಿಮ್ಮ ತಮಟೆ ಬೇಕು" ಅಂದಳು ಸೊಸೆ. ಮೆಲ್ಲಗಿನ ಏಟಿನಿಂದ ಹಿಡಿದು ಜೋರಿನದರವರೆಗೆ ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿಕೊಂಡರೆ ತನ್ನದೇ ತಮಟೆ ಸಾಫ್ಟ್‌ವೇರು ಆಗುತ್ತದೆ, ಬೆಂಗಳೂರಿನ ಸ್ಟುಡಿಯೊಗಳಲ್ಲೂ ಅಂಥದ್ದಿಲ್ಲ ಎಂದು ಬಿಡಿಸಿ ಹೇಳಿದಳು. ವ್ಯಾಪಾರದ ಮಾತು ಬಂದಿದ್ದರಿಂದ ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡೆ. "ಒಂದು ದಿನದ ಕೂಲಿ ಮೂರು ಸಾವಿರ ಕೊಡ್ತೀವಿ."

ಯಜಮಾನರು ನಕ್ಕರು. "ಸಾವ್ಕಾರ್ರೆ, ನಾನು ಒಂದು ದಿನ ಹೊಡಿತೀನಿ, ಸರಿ. ಆಮೇಲೆ ನಾನು ಮನೇಲಿ ಮಲಗಿದ್ರೂ ನನ್ನ ಏಟು ಇಲ್ಲೇ ಇರ್ತಾವೆ, ಅಲ್ವಾ?"

"ಇರ್ತಾವೆ."

"ನೀವು ದಿನಾ ಅವನ್ನ ದುಡಿಸ್ಕಂತೀರಿ."

"ದುಡಿಸ್ಕಂತೀವಿ."

"ಈ ರೂಮು ಮೊದ್ಲು ಯಾರಿಗೋ ಕೊಟ್ಟಿದ್ರಂತೆ. ರೂಮು ಕಟ್ಟಿದ್ದು ಒಂದೇ ಸಲ, ನೀವು ತಿಂಗಳು ತಿಂಗಳು ಯಾಕೆ ಇಸ್ಕಂತಿದ್ರಿ?"

ನಾನು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಸರಿಸಿಕೊಂಡೆ. ಸೊಸೆ ಮುಖ ಆ ಕಡೆ ತಿರುಗಿಸಿಕೊಂಡಳು, ನಗು ತಡೆಯಲು. ಅಂತೂ ತಮಟೆ ಬಳಸಿದ ಪ್ರತಿ ಹಾಡಿಗೆ ಇನ್ನೂರು ರೂಪಾಯಿಯಂತೆ ತಿಂಗಳಿಗೊಮ್ಮೆ ಕೊಡುವುದು ಎಂದು ತೀರ್ಮಾನವಾಯಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನನ್ನು ಹೀಗೆ ಕಟ್ಟಿಹಾಕಿದವರು ಇನ್ನೊಬ್ಬರಿಲ್ಲ. ಜಿಲ್ಲೆಯಲ್ಲಿ ಸ್ವಂತ ಕಟ್ಟಡದಲ್ಲಿ ಕೂತು ಬೇರೆಯವರಿಗೆ ಬಾಡಿಗೆ ಕಟ್ಟುವ ಮಾಲೀಕ ನಾನೊಬ್ಬನೇ ಇರಬೇಕು.

ಪ್ರಶ್ನೆ ಒಬ್ಬರದು, ಉತ್ತರ ಇನ್ನೊಬ್ಬರದು

ದೀಪಾವಳಿ ವಾರ ಬಂತು. ಕರೆಂಟು, ಸಾಫ್ಟ್‌ವೇರು, ತಮಟೆಯವರ ಬಾಡಿಗೆ ಎಲ್ಲ ಕಳೆದು ಉಳಿದದ್ದು ತೊಂಬತ್ತೊಂದು ಸಾವಿರ. ಐದು ಸಾವಿರ ಕಡಿಮೆ. ಒಳಗೊಳಗೇ ನನಗೇ ಬೇಜಾರು. ಆದರೆ ಮಾತು ಮಾತೇ, ಗೋಡೌನಿಗೆ ಒಬ್ಬರು ಆಗಲೇ ಬಂದು ಕೇಳಿಕೊಂಡು ಹೋಗಿದ್ದರು.

ಆಗ ಹೊಸದುರ್ಗದ ಕಡೆ ಒಂದು ಊರಲ್ಲಿ ಪಂಚಾಯಿತಿ ಚುನಾವಣೆ. ಷಡ್ಡಕರಿಬ್ಬರು ಎದುರುಬದುರು ನಿಂತಿದ್ದರು. ಒಬ್ಬರ ಗುರುತು ಟಾರ್ಚು, ಇನ್ನೊಬ್ಬರದು ಸೀಟಿ. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ನಮ್ಮಲ್ಲೇ ಪ್ರಚಾರದ ಹಾಡು ಮಾಡಿಸಿಕೊಂಡು ಹೋಗಿದ್ದರು. ರಾಗ ಬೇರೆ, ಮಾತು ಬೇರೆ. ಕೆಳಗಿನ ಡ್ರಮ್ಮು, ಅದರ ವೇಗ ಮಾತ್ರ ಎರಡಕ್ಕೂ ಒಂದೇ. ಒಂದೇ ಅಚ್ಚಿನಲ್ಲಿ ಎರಡು ತಟ್ಟೆ ಒತ್ತಿದರೆ ಖರ್ಚು ಉಳಿಯುತ್ತದೆ ಎಂದು ನಾನೇ ಹೇಳಿದ್ದೆ.

ಟಾರ್ಚಿನ ಹಾಡು "ಊರಿಗೆ ನೀರು ತಂದೋರ್ಯಾರು?" ಎಂದು ಕೇಳಿ, ನಾಲ್ಕು ಏಟು ಬರೀ ಡ್ರಮ್ ಬಿಟ್ಟು, ಆಮೇಲೆ "ಟಾರ್ಚಣ್ಣ, ಟಾರ್ಚಣ್ಣ" ಅನ್ನುತ್ತಿತ್ತು. ಸೀಟಿಯದು "ಕಷ್ಟಕ್ಕೆ ಓಡಿ ಬರೋರ್ಯಾರು?" ಎಂದು ಕೇಳಿ, ನಾಲ್ಕು ಏಟು ಬಿಟ್ಟು, "ಸೀಟಿಯಣ್ಣ, ಸೀಟಿಯಣ್ಣ."

ಊರ ಸರ್ಕಲ್ಲಿನಲ್ಲಿ ಟ್ರ್ಯಾಕ್ಟರೊಂದು ಅಡ್ಡ ನಿಂತು ಇಬ್ಬರ ಆಟೊಗಳೂ ಅಕ್ಕಪಕ್ಕ ಸಿಕ್ಕಿಹಾಕಿಕೊಂಡವು. ಯಾರೂ ವಾಲ್ಯೂಮ್ ಕಮ್ಮಿ ಮಾಡಲಿಲ್ಲ. ಏಟಿಗೆ ಏಟು ಕೂಡಿಕೊಂಡಿತು. ಈ ಆಟೊ "ನೀರು ತಂದೋರ್ಯಾರು?" ಎಂದು ಕೇಳುತ್ತದೆ, ಆ ಆಟೊ "ಸೀಟಿಯಣ್ಣ" ಅನ್ನುತ್ತದೆ. ಆ ಆಟೊ "ಓಡಿ ಬರೋರ್ಯಾರು?" ಅಂದರೆ ಈ ಆಟೊ "ಟಾರ್ಚಣ್ಣ" ಅನ್ನುತ್ತದೆ. ಜನ ಹೋಟೆಲಿನಿಂದ ಎದ್ದು ಬಂದು ಕುಣಿದರಂತೆ.

ಮಾರನೇ ದಿನ ಬೆಳಿಗ್ಗೆ ಷಡ್ಡಕರಿಬ್ಬರೂ ನಮ್ಮ ಮೆಟ್ಟಿಲ ಮೇಲೇ ಒಬ್ಬರಿಗೊಬ್ಬರು ಎದುರಾದರು.

"ನನ್ ದುಡ್ಡಲ್ಲಿ ಇವನಿಗೆ ಪ್ರಚಾರ ಮಾಡಿದ್ರಲ್ಲ?" ಎಂದು ಟಾರ್ಚಿನವರು.

"ಏನಪ್ಪ, ನಾನು ಕೇಳಿದ್ದಕ್ಕೆಲ್ಲ ನೀನ್ಯಾಕೆ ಓ ಅಂತೀಯ?" ಎಂದು ಸೀಟಿಯವರು.

ಸೊಸೆ ಇಬ್ಬರ ದುಡ್ಡನ್ನೂ ಮೇಜಿನ ಮೇಲೆ ಇಟ್ಟಳು. "ತಪ್ಪು ನಮ್ದೇ. ದುಡ್ಡು ತಗಳ್ರಿ. ತಗಂಡೋರು ಹಾಡು ನಿಲ್ಸಬೇಕು, ಅಷ್ಟೇ."

ಇಬ್ಬರೂ ದುಡ್ಡು ನೋಡಿದರು. "ಮೊದ್ಲು ಅವನು ತಗಳ್ಳಿ" ಅಂದರು ಒಬ್ಬರು. "ನಂಗೇನ್ ಅವಸರ ಇಲ್ಲ" ಅಂದರು ಇನ್ನೊಬ್ಬರು. ಒಬ್ಬರು ನಿಲ್ಲಿಸಿದರೆ ಊರಲ್ಲಿ ಉಳಿಯುವುದು ಇನ್ನೊಬ್ಬರ ಹಾಡೇ ತಾನೆ? ಕೊನೆಗೆ ಬೆಳಿಗ್ಗೆ ಟಾರ್ಚು, ಸಂಜೆ ಸೀಟಿ ಎಂದು ಹೊತ್ತು ಹಂಚಿಕೊಂಡು, ದುಡ್ಡು ಮುಟ್ಟದೆ ಕೆಳಗಿಳಿದರು. ಗಲ್ಲಾಪೆಟ್ಟಿಗೆ ಕಾಯುವುದನ್ನು ನಾನು ಅವಳಿಗೆ ಕಲಿಸಿಲ್ಲ.

ಮೆಟ್ಟಿಲ ಬಳಿ ಎಲ್ಲ ಕೇಳಿಸಿಕೊಂಡು, ಅವರು ಹೋಗುವುದನ್ನೇ ಕಾಯುತ್ತಿದ್ದ ಒಬ್ಬ ಹೆಣ್ಣುಮಗಳು ಮೇಲೆ ಬಂದರು. ಅದೇ ಊರ ಸರ್ಕಲ್ಲಿನಲ್ಲಿ ಟೈಲರ್ ಅಂಗಡಿ ಇಟ್ಟವರು, ಅದೇ ಸ್ಥಾನಕ್ಕೆ ಮೂರನೆಯ ಅಭ್ಯರ್ಥಿ. ಗುರುತು ಹೊಲಿಗೆ ಮಿಷಿನ್ನು.

"ನನಗೂ ಒಂದು ಹಾಡು ಮಾಡ್ಕೊಡಮ್ಮ. ಅದೇ ಡ್ರಮ್ಮು, ಅದೇ ವೇಗ. ಆದ್ರೆ ಪ್ರಶ್ನೆ ಬ್ಯಾಡ, ಬರೀ ಉತ್ತರ ಇರ್ಲಿ. 'ಮಿಷಿನ್ನಕ್ಕ, ಮಿಷಿನ್ನಕ್ಕ' ಅಂತ."

"ಪ್ರಶ್ನೆ ಯಾರು ಕೇಳ್ತಾರಕ್ಕ?"

"ಬೆಳಿಗ್ಗೆ ಒಬ್ರು ಕೇಳ್ಕಂಡ್ ಹೋಗ್ತಾರೆ, ಸಂಜೆ ಒಬ್ರು. ನಾನು ಅಂಗಡಿ ಮುಂದೆ ಒಂದು ಸ್ಪೀಕರ್ ಇಟ್ಕಂಡು ಕುಂತಿರ್ತೀನಿ. ಆಟೊ ಬಂದಾಗ ಗುಂಡಿ ಒತ್ತೋದು ಎಲ್ಲಿ ಅಂತ ತೋರ್ಸು ಸಾಕು."

ನಾನು ಎದ್ದು ನಿಂತು ಕೈ ಮುಗಿದೆ. ಆಟೊ ಬಾಡಿಗೆ ಇಲ್ಲ, ಡೀಸೆಲ್ ಇಲ್ಲ, ಡ್ರೈವರ್ ಭತ್ಯೆ ಇಲ್ಲ. ಅದೆಲ್ಲ ಅವರ ಎದುರಾಳಿಗಳ ಖರ್ಚು.

ಸೊಸೆ ಆರು ಸಾವಿರ ಹೇಳಿದಳು. ನನ್ನ ಲೆಕ್ಕದಲ್ಲಿ ತೊಂಬತ್ತೇಳು ಆಯಿತು. ಟೈಲರಕ್ಕ ಐದು ಸಾವಿರ ಎಣಿಸಿಟ್ಟು ಪರ್ಸು ಮುಚ್ಚಿದರು. "ಇನ್ನೊಂದು ಸಾವಿರ ಕೇಳಬ್ಯಾಡಮ್ಮ. ಒಂದು ಬ್ಲೌಸು ಹೊಲಿದ್ಕೊಡ್ತೀನಿ, ಲೈನಿಂಗ್ ಹಾಕಿ." ಸೊಸೆ ಅಲ್ಲೇ ಅಳತೆ ಕೊಟ್ಟಳು.

ರಾತ್ರಿ ಮನೆಯಲ್ಲಿ ಲೆಕ್ಕಕ್ಕೆ ಕೂತೆವು. ತೊಂಬತ್ತಾರಕ್ಕೆ ಸರಿಯಾಗಿ ತೊಂಬತ್ತಾರು.

"ಒಂದು ರೂಪಾಯಿನಾದ್ರೂ ಜಾಸ್ತಿ ಅಂದಿದ್ದೆ" ಅಂದೆ.

"ಬ್ಲೌಸು ಲೆಕ್ಕಕ್ಕೆ ಹಿಡಿಯಲ್ವಾ ಮಾವ?"

ನಾನು ಯೋಚಿಸುತ್ತಿರುವಾಗಲೇ ಅಡುಗೆ ಮನೆಯಿಂದ ನನ್ನ ಹೆಂಡತಿ, "ಲೈನಿಂಗ್ ಬ್ಲೌಸಿಗೆ ಹೊಲಿಗೇನೇ ನಾನೂರು ಕೇಳ್ತಾರೆ ಈಗ" ಅಂದಳು. ಮಾಲಿಗೆ ಮಾರ್ಕೆಟ್ ರೇಟು ಇದೆ ಅಂದಮೇಲೆ ವ್ಯಾಪಾರಿ ಇಲ್ಲ ಅನ್ನುವ ಹಾಗಿಲ್ಲ. ಗೋಡೌನ್ ಕೇಳಿದವರಿಗೆ ಫೋನ್ ಮಾಡಿ ರೂಮು ಖಾಲಿ ಇಲ್ಲ ಎಂದೆ.

ವರ್ಷದ ಲೆಕ್ಕ ಹೀಗೆ ಮುಗಿಯಿತು: ಉಳಿತಾಯ ತೊಂಬತ್ತಾರು ಸಾವಿರ. ಗೋಡೌನ್ ಬಾಡಿಗೆಗಿಂತ ಒಂದು ಬ್ಲೌಸು ಜಾಸ್ತಿ.